ಗುಜರಿ ಫ್ಯೂಸ್ ಬಾಕ್ಸ್‌ನಿಂದ ಪಿನ್ ಮುರಿಯದಂತೆ ಬಿಡಿಸುವುದು

ಹಳೆ ಗಾಡಿಯ ಫ್ಯೂಸ್ ಬಾಕ್ಸ್ ತಂದು ತಮ್ಮ ಟ್ರ್ಯಾಕ್ಟರಿಗೋ ಜೀಪಿಗೋ ಕೂರಿಸೋಣ ಅಂತ ಹೊರಟವರು ಬಹಳ ಸಲ ಕೆಲಸ ಶುರು ಮಾಡುವಾಗಲೇ ಅದನ್ನು ಕೆಡಿಸಿಬಿಡುತ್ತಾರೆ. ಹಿಂದಿನಿಂದ ವೈರ್ ಹಿಡಿದು ಪ್ಲೈಯರ್‌ನಲ್ಲಿ ಜಗ್ಗುತ್ತಾರೆ. ವೈರ್ ಕಿತ್ತು ಕೈಗೆ ಬರುತ್ತದೆ, ಪಿನ್ ಒಳಗೇ ಉಳಿಯುತ್ತದೆ. ಇಲ್ಲವೇ ಪಿನ್ ಬರುತ್ತದೆ, ಜೊತೆಗೆ ಒಳಗಿನ ಪ್ಲಾಸ್ಟಿಕ್ ಚೂರೂ ಉದುರುತ್ತದೆ. ಎರಡರಲ್ಲಿ ಯಾವುದಾದರೂ ಆ ಪಿನ್ ಕೂರುವ ಗೂಡು ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಪಿನ್ ಅಂದರೆ ವೈರಿನ ತುದಿಗೆ ಒತ್ತಿ ಕೂರಿಸಿದ ಲೋಹದ ಟರ್ಮಿನಲ್. ಅದು ಒಳಗೆ ಅಂಟಿಕೊಂಡಿರುವುದಿಲ್ಲ. ಒಳಗಿನಿಂದ ಚಿಲಕ ಹಾಕಿದ ಬಾಗಿಲಿನ ಹಾಗೆ ಕೂತಿರುತ್ತದೆ ಅಷ್ಟೇ. ಆ ಚಿಲಕ ಎಲ್ಲಿದೆ, ಯಾವ ಕಡೆಗೆ ಸರಿಯುತ್ತದೆ ಅಂತ ಗೊತ್ತಾದರೆ ಎರಡು ಬೆರಳಿನಲ್ಲಿ ಹಿಡಿದು ಎಳೆದರೆ ಸಾಕು. ಹಾಗಾಗಿ ಈ ಕೆಲಸದಲ್ಲಿ ಎಳೆಯುವುದಕ್ಕಿಂತ ನೋಡುವುದೇ ಜಾಸ್ತಿ.

ಇಷ್ಟೆಲ್ಲ ಯಾಕೆ, ಹೊಸ ಬಾಕ್ಸ್ ಸಿಗಲ್ವಾ ಅಂತ ಕೇಳಬಹುದು. ಹುಬ್ಬಳ್ಳಿಯ ಬಿಡಿಭಾಗಗಳ ಅಂಗಡಿಗಳಲ್ಲಿ ಆರು, ಎಂಟು ಫ್ಯೂಸಿನ ಹೊಸ ಬಾಕ್ಸ್ ಸಿಗುತ್ತದೆ. ಅಗ್ಗದ್ದು ತಂದರೆ ಲೋಹ ತೆಳು, ಮುಚ್ಚಳ ಸಡಿಲ, ರಿಲೇಗೆ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚಿಗೆ) ಜಾಗವೇ ಇರುವುದಿಲ್ಲ. ಕಾರ್ ಕಂಪನಿಯ ಬಾಕ್ಸ್ ಇಂಜಿನ್ ಪಕ್ಕದ ಕಾವು, ನಡುಕ, ಧೂಳು ಎಲ್ಲ ತಡೆಯಲೆಂದೇ ಮಾಡಿದ್ದು. ಎರೆಹೊಲದಲ್ಲಿ ಓಡುವ ಟ್ರ್ಯಾಕ್ಟರಿಗೆ, ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಹೊರುವ ಗೂಡ್ಸ್ ಗಾಡಿಗೆ ಅಂಥದ್ದೇ ಬೇಕು. ಅದಕ್ಕೆ ಸರಿಹೊಂದುವ ಬಿಡಿ ಪಿನ್ ಮಾತ್ರ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಆದ್ದರಿಂದ ಒಳಗಿರುವ ಪಿನ್ನನ್ನೇ ಉಳಿಸಿಕೊಳ್ಳಬೇಕು.

ಅಂಗಡಿಯಲ್ಲೇ ತಿರುಗಿಸಿ ನೋಡಿ

ಬಾಕ್ಸ್ ಕೈಗೆ ಸಿಕ್ಕ ಕೂಡಲೇ ಅದರ ಬೆನ್ನು ನೋಡಿ. ಫ್ಯೂಸಿನ ಒಂದೊಂದು ಕಾಲಿಗೂ ಒಂದೊಂದು ವೈರ್ ನೇರವಾಗಿ ಒಳಗೆ ಹೋಗಿದ್ದರೆ ನಮಗೆ ಬೇಕಾದದ್ದು ಅದೇ. ಅದರ ಬದಲು ಹಿಂದೆ ನಾಲ್ಕೈದು ದೊಡ್ಡ ಕಪ್ಲರ್ (ಹಲವು ವೈರ್ ಒಟ್ಟಿಗೆ ಸೇರಿಸುವ ಪ್ಲಗ್) ಮಾತ್ರ ಚುಚ್ಚಿಕೊಂಡಿದ್ದರೆ ಒಳಗೆ ಪಿಸಿಬಿ, ಅಂದರೆ ಸರ್ಕ್ಯೂಟ್ ಬೋರ್ಡ್ ಇದೆ, ಇಲ್ಲವೇ ತಗಡಿನ ಪಟ್ಟಿಗಳ ಜಾಲ ಇದೆ. ಅಂಥದ್ದರಲ್ಲಿ ಫ್ಯೂಸ್ ಹಿಡಿಯುವ ಲೋಹ ಒಳಗಿನ ಬೋರ್ಡಿಗೇ ಸೇರಿರುತ್ತದೆ, ಬಿಡಿಸಲು ಬರುವುದಿಲ್ಲ. ಕಪ್ಲರಿನ ಪಿನ್ ಮಾತ್ರ ಬಿಡಿಸಬಹುದು. ಹೊಸ ಕಾರುಗಳಲ್ಲಿ ಹೀಗಿರುವುದೇ ಜಾಸ್ತಿ. ನಮ್ಮ ಕೆಲಸಕ್ಕೆ ಸ್ವಲ್ಪ ಹಳೆ ಕಾರು, ವ್ಯಾನುಗಳ ಬಾನೆಟ್ ಕೆಳಗಿನ ಫ್ಯೂಸ್-ರಿಲೇ ಬಾಕ್ಸ್ ಒಳ್ಳೆಯದು.

ಆಮೇಲೆ ಸುಟ್ಟ ಗುರುತು ನೋಡಿ. ಎಸಿ ಬ್ಲೋವರ್, ರೇಡಿಯೇಟರ್ ಫ್ಯಾನ್, ಹೆಡ್‌ಲೈಟ್ ಇವೆಲ್ಲ ಜಾಸ್ತಿ ಕರೆಂಟ್ ಎಳೆಯುವಂಥವು. ಆ ಗೂಡುಗಳ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಅಂಚು ಕರಗಿ ಬಾಗಿದ್ದರೆ ಆ ಗೂಡು ಸತ್ತಿದೆ ಅಂತ ಲೆಕ್ಕ. ಒಂದು ಗೂಡು ಹೋಗಿದ್ದರೆ ಪರವಾಗಿಲ್ಲ, ಅದನ್ನು ಖಾಲಿ ಬಿಟ್ಟರಾಯಿತು. ಮೂರ್ನಾಲ್ಕು ಹೋಗಿದ್ದರೆ ಅಲ್ಲೇ ಇಟ್ಟು ಬನ್ನಿ. ಮುಚ್ಚಳ ಮಾತ್ರ ಬಿಡಬೇಡಿ. ಯಾವ ಗೂಡು ಯಾವುದಕ್ಕೆ, ಎಷ್ಟು ಆಂಪ್ ಅಂತ ಬರೆದಿರುವ ಚೀಟಿ ಸಾಮಾನ್ಯವಾಗಿ ಅದರ ಒಳಮೈಯಲ್ಲೇ ಇರುತ್ತದೆ.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ಗುಜರಿಯವರಿಗೆ ತಾಮ್ರ ಅಂದರೆ ತೂಕದ ಮಾಲು. ವೈರನ್ನು ಬುಡಕ್ಕೇ ಕತ್ತರಿಸಿ ಚೀಲಕ್ಕೆ ಹಾಕಿಬಿಡುತ್ತಾರೆ. ಬಾಲವಿಲ್ಲದ ಪಿನ್ ಹಿಡಿಯಲೂ ಬರುವುದಿಲ್ಲ, ಜೋಡಿಸಲೂ ಬರುವುದಿಲ್ಲ. "ಅಣ್ಣಾರ, ಬುಡಕ್ಕ ಕತ್ತರಿಸಬ್ಯಾಡ್ರಿ, ಒಂದು ಗೇಣು ವೈರ್ ಬಿಡ್ರಿ, ಅದರ ರೊಕ್ಕಾನೂ ಕೊಡ್ತೀನಿ" ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಬಾಕ್ಸ್ ಇನ್ನೂ ಗಾಡಿಯಲ್ಲೇ ಇದ್ದು ಬ್ಯಾಟರಿಯೂ ಕೂತಿದ್ದರೆ ಮೊದಲು ನೆಗೆಟಿವ್ ಕಳಚಿಸಿ. ಬ್ಯಾಟರಿಯಿಂದ ಬಾಕ್ಸಿಗೆ ಬರುವ ದಪ್ಪ ಕೇಬಲ್ಲಿಗೆ ಎಷ್ಟೋ ಗಾಡಿಗಳಲ್ಲಿ ಫ್ಯೂಸೇ ಇರುವುದಿಲ್ಲ. ಅದನ್ನು ಬಿಚ್ಚುವಾಗ ಪಾನಾ ಗಾಡಿಯ ಮೈಗೆ ತಾಗಿದರೆ ಕಿಡಿ ಹಾರುತ್ತದೆ.

ತೊಳೆದು ನೆನೆಸುವುದು

ಮನೆಗೆ ತಂದ ಮೇಲೆ ಫ್ಯೂಸ್, ರಿಲೇ ಎಲ್ಲ ತೆಗೆಯುವ ಮುಂಚೆ ಮೊಬೈಲಿನಲ್ಲಿ ಮುಂದೆ, ಹಿಂದೆ, ಪಕ್ಕ ಎಲ್ಲ ಕಡೆಯಿಂದ ಫೋಟೊ ತೆಗೆದಿಡಿ. ಆಮೇಲೆ ಎಲ್ಲ ಕಿತ್ತು ಬೇರೆ ಡಬ್ಬಿಯಲ್ಲಿ ಹಾಕಿ. ಫ್ಯೂಸನ್ನು ಸುಮ್ನೆ ಅಲ್ಲಾಡಿಸುತ್ತ ಓರೆಯಾಗಿ ಎಳೆಯಬೇಡಿ, ಪಿನ್ನಿನ ಹಿಡಿತ ಸಡಿಲವಾಗುತ್ತದೆ. ಕೆಲವು ಬಾಕ್ಸ್‌ಗಳಲ್ಲೇ ಒಂದು ಪುಟ್ಟ ಪ್ಲಾಸ್ಟಿಕ್ ಚಿಮಟ ಸಿಗಿಸಿರುತ್ತಾರೆ. ಇದ್ದರೆ ಅದರಲ್ಲೇ ಹಿಡಿದು ನೇರವಾಗಿ ಎಳೆಯಿರಿ.

ನಮ್ಮ ಕಡೆಯ ಗಾಡಿಗಳಲ್ಲಿ ಎರೆಮಣ್ಣಿನ ಧೂಳು ಗೂಡಿನೊಳಗೆ ಹೊಕ್ಕಿರುತ್ತದೆ. ಒಂದು ಮಳೆಗಾಲ ಕಂಡ ಮೇಲೆ ಅದು ಪಿನ್ ಹಿಡಿದಿಡುವ ಲಾಕಿನ ಸಂದಿಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಅದು ಹೋಗುವ ತನಕ ಲಾಕ್ ಸರಿಯಲು ಜಾಗವೇ ಇರುವುದಿಲ್ಲ. ಹಳೆ ಟೂತ್‌ಬ್ರಷ್ಷು, ಸ್ವಲ್ಪ ಸೋಪಿನ ನೀರು ಸಾಕು. ಪೆಟ್ರೋಲ್ ಬೇಡ. ಬೆಂಕಿಯ ಭಯ ಒಂದು ಕಡೆಯಾದರೆ, ಕೆಲವು ಬಗೆಯ ಪ್ಲಾಸ್ಟಿಕ್ಕು, ಅದರಲ್ಲೂ ಮುಚ್ಚಳದ್ದು, ಪೆಟ್ರೋಲ್ ತಾಗಿದರೆ ಕೂದಲೆಳೆಯಂತೆ ಬಿರುಕು ಬಿಡುತ್ತದೆ.

ತೊಳೆದ ಮೇಲೆ ಬೆನ್ನಿನಲ್ಲಿ ಅಚ್ಚೊತ್ತಿದ ಅಕ್ಷರ ಹುಡುಕಿ. ಪಿಎ66 ಅಂತ ಇದ್ದರೆ ಅದು ನೈಲಾನ್. ನೈಲಾನ್ ನೀರು ಹೀರುವ ಪ್ಲಾಸ್ಟಿಕ್. ಒಣಗಿದಾಗ ಗಾಜಿನಂತೆ ಚಟ್ ಅಂತ ಮುರಿಯುತ್ತದೆ, ತೇವ ಇದ್ದಾಗ ಬಾಗುತ್ತದೆ. ವರ್ಷಗಟ್ಟಲೆ ಇಂಜಿನ್ ಕಾವಿನಲ್ಲಿ ಬೆಂದು, ಆಮೇಲೆ ಏಪ್ರಿಲ್ ಬಿಸಿಲಿನಲ್ಲಿ ಗುಜರಿ ರಾಶಿಯ ಮೇಲೆ ಬಿದ್ದಿದ್ದ ಬಾಕ್ಸ್ ಹೇಗಿರುತ್ತದೆ ಅಂತ ನೀವೇ ಊಹಿಸಿ. ಅದಕ್ಕೆ ಒಂದು ಬುಟ್ಟಿಯಲ್ಲಿ ಕೈ ತಾಳುವಷ್ಟು ಬಿಸಿ ನೀರು ಹಾಕಿ ರಾತ್ರಿಯಿಡೀ ನೆನೆಸಿ. ವೈರಿನ ಬಾಲಗಳು ಮಾತ್ರ ನೀರಿನಿಂದ ಹೊರಗೆ, ಬುಟ್ಟಿಯ ಅಂಚಿನ ಮೇಲೆ ಇರಲಿ. ಕತ್ತರಿಸಿದ ತುದಿ ನೀರಿಗೆ ಬಿದ್ದರೆ ಎಳೆಗಳ ನಡುವೆ ನೀರು ಏರುತ್ತ ಹೋಗುತ್ತದೆ, ಒಳಗೇ ತಾಮ್ರ ಕಪ್ಪಾಗುತ್ತದೆ. ಬೆಳಿಗ್ಗೆ ತೆಗೆದು ನೆರಳಿನಲ್ಲಿ ಮೇಲಿನ ನೀರು ಆರಲು ಬಿಟ್ಟು ಅವತ್ತೇ ಕೆಲಸ ಶುರು ಮಾಡಿ. ಪಿಬಿಟಿ ಅಂತ ಬರೆದಿದ್ದರೆ ನೆನೆಸಿ ಪ್ರಯೋಜನವಿಲ್ಲ, ಅದು ನೀರು ಹೀರುವುದಿಲ್ಲ ಅನ್ನುವಷ್ಟು ಕಡಿಮೆ. ಕೆಲಸ ಮಾಡುವಾಗ ಕೂದಲು ಒಣಗಿಸುವ ಡ್ರೈಯರ್‌ನಿಂದ ಬೆಚ್ಚಗೆ ಮಾಡಿಕೊಂಡರೆ ಸಾಕು.

ಈ ನೆನೆಸುವ ಹಂತವನ್ನು ಎಷ್ಟೋ ಜನ ಸುಮ್ನೆ ಕಾಲಹರಣ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಬಾಕ್ಸ್ ಉಳಿಯುವುದು, ಹೋಗುವುದು ಇಲ್ಲೇ ತೀರ್ಮಾನವಾಗುತ್ತದೆ.

ನಕ್ಷೆ

ಒಂದು ಹಾಳೆಯ ಮೇಲೆ ಬಾಕ್ಸಿನ ಬೆನ್ನಿನ ಚಿತ್ರ ಬರೆದು ಗೂಡುಗಳಿಗೆ ನಂಬರ್ ಹಾಕಿ. ಅದೇ ನಂಬರನ್ನು ಮಾಸ್ಕಿಂಗ್ ಟೇಪಿನ ಮೇಲೆ ಬರೆದು ಆಯಾ ವೈರಿಗೆ ಸುತ್ತಿ. ಆಮೇಲೆ ಮಲ್ಟಿಮೀಟರನ್ನು ಬೀಪ್ ಮೋಡಿಗೆ ಹಾಕಿ ಫ್ಯೂಸ್ ಗೂಡುಗಳ ಒಂದು ಸಾಲನ್ನು ಒಂದಕ್ಕೊಂದು ಮುಟ್ಟಿಸಿ ನೋಡಿ. ಫ್ಯೂಸ್ ಎಲ್ಲ ತೆಗೆದಿದ್ದರೂ ಎರಡು ಗೂಡಿನ ನಡುವೆ ಬೀಪ್ ಬಂದರೆ ಅಲ್ಲಿ ಒಂದೇ ಲೋಹದ ಪಟ್ಟಿ ನಾಲ್ಕೈದು ಫ್ಯೂಸಿಗೆ ಕರೆಂಟ್ ಹಂಚುತ್ತಿದೆ. ಆ ಪಟ್ಟಿಯನ್ನು ಕೀಳುವ ಗೋಜಿಗೆ ಹೋಗಬೇಡಿ. ಅದು ನಮಗೂ ಅನುಕೂಲವೇ. ಬ್ಯಾಟರಿಯಿಂದ ಒಂದು ದಪ್ಪ ವೈರ್ ಕೊಟ್ಟರೆ ಸಾಲಿಗೆಲ್ಲ ಕರೆಂಟ್ ಸಿಗುತ್ತದೆ.

ಎರಡು ಲಾಕ್ ಇರುತ್ತವೆ

ಒಳ್ಳೆಯ ಬಾಕ್ಸ್‌ಗಳಲ್ಲಿ ಪಿನ್ನಿಗೆ ಎರಡು ಲಾಕ್. ಒಂದು, ಪ್ರತಿ ಗೂಡಿನೊಳಗೆ ಇರುವ ಪುಟ್ಟ ಲಾಕ್. ಇನ್ನೊಂದು, ಇಡೀ ಸಾಲನ್ನು ಒಟ್ಟಿಗೆ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ. ಮೊದಲು ತೆಗೆಯಬೇಕಾದ್ದು ಈ ಎರಡನೆಯದನ್ನು. ಬಾಕ್ಸ್ ಕಪ್ಪಗಿದ್ದರೆ ಈ ಪಟ್ಟಿ ಸಾಮಾನ್ಯವಾಗಿ ಬಿಳಿ, ಹಳದಿ, ಕೆಂಪು ಹೀಗೆ ಬೇರೆ ಬಣ್ಣದಲ್ಲಿ ಇರುತ್ತದೆ. ಕೆಲವದರಲ್ಲಿ ಪಕ್ಕದಿಂದ ಬಾಚಣಿಗೆಯ ಹಲ್ಲಿನಂತೆ ಒಳಗೆ ಹೋಗಿರುತ್ತದೆ, ಕೆಲವದರಲ್ಲಿ ಮುಂದೆ ತಟ್ಟೆಯಂತೆ ಕೂತಿರುತ್ತದೆ, ಕೆಲವದರಲ್ಲಿ ಹಿಂದೆ ಕೀಲಿನ ಮೇಲೆ ತೆರೆಯುವ ರೆಕ್ಕೆಯಂತೆ ಇರುತ್ತದೆ.

ಬಾಚಣಿಗೆ ಬಗೆಯದ್ದನ್ನು ಪೂರ್ತಿ ಹೊರಗೆ ತೆಗೆಯಬೇಕಾಗಿಲ್ಲ. ಎರಡೂ ತುದಿಯಲ್ಲಿ ಸಣ್ಣ ಸ್ಕ್ರೂಡ್ರೈವರ್ ಕೊಟ್ಟು ಸಮವಾಗಿ ಎಬ್ಬಿಸಿದರೆ ಎರಡು ಮೂರು ಮಿ.ಮೀ. ಸರಿದು ಅಲ್ಲೇ ನಿಲ್ಲುತ್ತದೆ. ಅದು ತೆರೆದ ಸ್ಥಿತಿ. ಅಲ್ಲಿಂದ ಮುಂದೆ ಎಳೆದರೆ ಮೂಲೆಯ ಕೊಕ್ಕೆ ಮುರಿಯುತ್ತದೆ. ಒಂದೇ ತುದಿಯಿಂದ ಎಬ್ಬಿಸಿದರೆ ಪಟ್ಟಿ ಓರೆಯಾಗಿ ಸಿಕ್ಕಿಬೀಳುತ್ತದೆ.

ಇನ್ನು ಗೂಡಿನೊಳಗಿನ ಲಾಕ್. ಇದು ಎರಡು ಬಗೆ. ಲಾಕ್ ಬಿಡಿಸುವ ತೆಳು ಕಡ್ಡಿಯನ್ನು ಕೈಯಲ್ಲಿ ಹಿಡಿಯುವ ಮುಂಚೆ ನಿಮ್ಮದು ಯಾವುದು ಅಂತ ಗೊತ್ತಿರಲೇಬೇಕು.

ಮೊದಲನೆಯದರಲ್ಲಿ ಲಾಕ್ ಇರುವುದು ಪಿನ್ನಿನ ಮೈಮೇಲೆ. ಪಿನ್ನಿನ ತಗಡಿನಲ್ಲೇ ಒಂದು ಸಣ್ಣ ನಾಲಿಗೆ ಕತ್ತರಿಸಿ ಹೊರಕ್ಕೆ ಎಬ್ಬಿಸಿರುತ್ತಾರೆ. ಹಿಂದಿನಿಂದ ತೂರಿಸುವಾಗ ಅದು ಮಡಚಿಕೊಳ್ಳುತ್ತದೆ. ಒಳಗೆ ಪ್ಲಾಸ್ಟಿಕ್ ಮೆಟ್ಟಿಲು ದಾಟಿದ ಮೇಲೆ ಮತ್ತೆ ಎದ್ದು ಆ ಮೆಟ್ಟಿಲಿಗೆ ಆತುಕೊಳ್ಳುತ್ತದೆ. ಇದನ್ನು ಬಿಡಿಸಲು ನಾಲಿಗೆಯನ್ನು ಪಿನ್ನಿನ ಕಡೆಗೆ ಒತ್ತಬೇಕು.

ಎರಡನೆಯದರಲ್ಲಿ ಪಿನ್ನಿನ ಮೈ ನುಣ್ಣಗಿರುತ್ತದೆ. ಲಾಕ್ ಇರುವುದು ಪ್ಲಾಸ್ಟಿಕ್ಕಿನಲ್ಲಿ. ಗೂಡಿನ ಗೋಡೆಯಿಂದ ಹೊರಟ ಒಂದು ಬೆರಳು ಪಿನ್ನಿನ ಬೆನ್ನಿನ ತೂತಿಗೋ ಅಂಚಿಗೋ ಕೊಕ್ಕೆ ಹಾಕಿರುತ್ತದೆ. ಇದನ್ನು ಬಿಡಿಸಲು ಆ ಬೆರಳನ್ನು ಪಿನ್ನಿನಿಂದ ದೂರಕ್ಕೆ ಎತ್ತಬೇಕು. ಅಂದರೆ ಮೊದಲನೆಯದಕ್ಕೆ ಪೂರ್ತಿ ಉಲ್ಟಾ. ಇಲ್ಲಿ ತಪ್ಪು ಕಡೆಗೆ ಒತ್ತಿದರೆ ಪ್ಲಾಸ್ಟಿಕ್ ಬೆರಳು ಮುರಿಯುತ್ತದೆ, ಅದಕ್ಕೆ ರಿಪೇರಿ ಇಲ್ಲ. ಲೋಹದ ನಾಲಿಗೆಯಾದರೆ ಮತ್ತೆ ಎಬ್ಬಿಸಬಹುದು.

ಯಾವ ಬಗೆ ಅಂತ ತಿಳಿಯಲು ಖಾಲಿ ಗೂಡು ಹುಡುಕಿ. ಒಂದೇ ಗಾಡಿಯ ಬೇರೆ ಬೇರೆ ಮಾಡೆಲ್ಲಿಗೆ ಎಷ್ಟೋ ಸಲ ಒಂದೇ ಬಾಕ್ಸ್ ಹಾಕುವುದರಿಂದ ಸಾಮಾನ್ಯವಾಗಿ ಒಂದೆರಡು ಗೂಡಾದರೂ ಖಾಲಿ ಇರುತ್ತವೆ. ಮೊಬೈಲ್ ಟಾರ್ಚನ್ನು ಹಿಂದಿನಿಂದ ಹಿಡಿದು ಮುಂದಿನಿಂದ ಇಣುಕಿ ನೋಡಿ. ಇಳಿಜಾರಿನ ಮೂಗು ಇರುವ ಪ್ಲಾಸ್ಟಿಕ್ ಬೆರಳು ಕಂಡರೆ ಎರಡನೆಯ ಬಗೆ. ಗೋಡೆ ನೇರವಾಗಿದ್ದು ಒಂದು ಕಡೆ ಬರೀ ಮೆಟ್ಟಿಲು ಕಂಡರೆ ಮೊದಲನೆಯದು. ಫ್ಯೂಸಿನ ಕಾಲು ಹೋಗುವ ಸೀಳಿನ ಪಕ್ಕದಲ್ಲೇ ಇನ್ನೊಂದು ಚಿಕ್ಕ ಕಿಂಡಿ ಇರುತ್ತದೆ, ಎಷ್ಟೋ ಸಲ ಧೂಳು ಮುಚ್ಚಿ ಕಾಣಿಸುವುದೇ ಇಲ್ಲ. ಅದರೊಳಗೆ ಫ್ಯೂಸ್ ಏನೂ ಹೋಗುವುದಿಲ್ಲ. ಅದು ಕಡ್ಡಿ ಹಾಕಲೆಂದೇ ಬಿಟ್ಟ ದಾರಿ.

ಕಡ್ಡಿ

ಪಿನ್ ತೆಗೆಯುವ ಕಿಟ್ ಆನ್‌ಲೈನಿನಲ್ಲಿ ಸಿಗುತ್ತದೆ. ತರಿಸಿದರೆ ತಪ್ಪಿಲ್ಲ, ಆದರೆ ಅಗ್ಗದವು ಮೆದು ತಗಡು, ನಾಲ್ಕು ಪಿನ್ನಿಗೆ ಬಾಗಿಬಿಡುತ್ತವೆ. ನನಗೆ ಇಷ್ಟ ಆಗಿದ್ದು ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡು. ಅದರ ದಪ್ಪ ಸುಮಾರು 0.6 ಮಿ.ಮೀ., ಈ ಕಿಂಡಿಗಳಿಗೆ ಹೇಳಿ ಮಾಡಿಸಿದಂತಿದೆ. ಗ್ರೈಂಡರಿನಲ್ಲಿ ಹಲ್ಲು ಸವೆಸಿ, ತುದಿಯನ್ನು 1.5ರಿಂದ 2 ಮಿ.ಮೀ. ಅಗಲಕ್ಕೆ ತನ್ನಿ, ಒಂದು ಇಂಚು ಉದ್ದಕ್ಕೆ. ಗ್ರೈಂಡರಿಗೆ ಹಿಡಿದಾಗ ಮತ್ತೆ ಮತ್ತೆ ನೀರಿಗೆ ಅದ್ದಿ. ತುದಿ ನೀಲಿ ಬಣ್ಣಕ್ಕೆ ತಿರುಗಿದರೆ ಹದ ಹೋಯಿತು, ಆಮೇಲೆ ಅದು ಬಾಗುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಆ ಬ್ಲೇಡು ಚೂರಾಗಿ ಸಿಡಿಯುವ ಜಾತಿ. ಕೊನೆಗೆ ಎಣ್ಣೆಕಲ್ಲಿನ ಮೇಲೋ ಸ್ಯಾಂಡ್‌ಪೇಪರ್ ಮೇಲೋ ಉಜ್ಜಿ ಅಂಚು ನುಣ್ಣಗೆ ಮಾಡಿ. ಹರಿತ ಇದ್ದರೆ ಪ್ಲಾಸ್ಟಿಕ್ ಕೆರೆದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಿಡಿಯುವ ಕಡೆ ಇನ್ಸುಲೇಶನ್ ಟೇಪ್ ಸುತ್ತಿ.

ಸಣ್ಣ ಪಿನ್ನಿಗೆ ಸೈಕಲ್ ಕಡ್ಡಿ ಚೆನ್ನಾಗಿರುತ್ತದೆ. ಅದು 2 ಮಿ.ಮೀ. ದಪ್ಪ. ತುದಿಯನ್ನು ಕಬ್ಬಿಣದ ಮೇಲಿಟ್ಟು ಸುತ್ತಿಗೆಯಿಂದ ಚಪ್ಪಟೆ ಮಾಡಿ, ಅರದಿಂದ ಉಜ್ಜಿ. ಹಳೆ ಛತ್ರಿಯ ಕಡ್ಡಿಯೂ ಆದೀತು. ಎರಡೂ ಪಕ್ಕದಲ್ಲಿ ನಾಲಿಗೆ ಇರುವ ಪಿನ್ನುಗಳೂ ಇವೆ. ಅದಕ್ಕೆ ಒಂದೇ ಅಳತೆಯ ಎರಡು ಕಡ್ಡಿ ಬೇಕಾಗುತ್ತದೆ. ಗುಂಡುಸೂಜಿ, ಹೇರ್‌ಪಿನ್ ಇವು ಕೈಗೆ ಬೇಗ ಸಿಗುತ್ತವೆ ಅಂತ ಬಳಸಬೇಡಿ. ಒಳಗೆ ಮುರಿದು ಕೂತರೆ ಅದನ್ನು ತೆಗೆಯುವುದೇ ಇನ್ನೊಂದು ಕೆಲಸ.

ಮೊದಲು ಒಳಗೆ ತಳ್ಳಿ

ಬಾಕ್ಸನ್ನು ಟೇಬಲ್ ಮೇಲೆ, ಫ್ಯೂಸ್ ಕೂರುವ ಮುಖ ನಿಮ್ಮ ಕಡೆ ಇರುವಂತೆ ಹಿಡಿದುಕೊಳ್ಳಿ. ಎಡಗೈಯ ಹೆಬ್ಬೆರಳು, ತೋರುಬೆರಳಿನಲ್ಲಿ ಹಿಂದಿನ ವೈರ್ ಹಿಡಿದು ಗೂಡಿನ ಒಳಕ್ಕೆ ತಳ್ಳಿ. ಹೊರಕ್ಕಲ್ಲ, ಒಳಕ್ಕೆ. ಪಿನ್ ಅರ್ಧ ಮಿಲಿಮೀಟರೋ ಏನೋ ಮುಂದೆ ಸರಿಯುತ್ತದೆ, ಬೆರಳಿಗೆ ಗೊತ್ತಾಗುತ್ತದೆ. ಇಷ್ಟರ ತನಕ ಲಾಕಿನ ಮೂಗು ಮೆಟ್ಟಿಲಿಗೆ ಒತ್ತಿಕೊಂಡಿತ್ತು. ಈಗ ಆ ಒತ್ತಡ ಬಿಟ್ಟಿದೆ. ಎಳೆಯುತ್ತ ಇದ್ದಷ್ಟೂ ಲಾಕ್ ಬಿಗಿಯಾಗುತ್ತದೆ, ತಳ್ಳಿದಾಗಲೇ ಸಡಿಲವಾಗುವುದು.

ಹಾಗೇ ತಳ್ಳಿ ಹಿಡಿದುಕೊಂಡು, ಬಲಗೈಯಲ್ಲಿ ಕಡ್ಡಿಯನ್ನು ಕಿಂಡಿಯೊಳಗೆ ಗೋಡೆಗೆ ಒರಗಿಸಿ ನೇರವಾಗಿ ಇಳಿಸಿ. ಲೋಹದ ನಾಲಿಗೆಯ ಬಗೆಯಾದರೆ ಕಡ್ಡಿ ಒಂದು ಕಡೆ ತಡೆದಂತಾಗಿ, ಸ್ವಲ್ಪ ಒತ್ತಿದರೆ ಮೆಲ್ಲಗೆ ಜಾರಿ ಇನ್ನೂ ಮೂರ್ನಾಲ್ಕು ಮಿ.ಮೀ. ಒಳಗೆ ಹೋಗುತ್ತದೆ. ಆ ಜಾರುವಿಕೆಯೇ ನಾಲಿಗೆ ಮಡಚಿಕೊಂಡದ್ದರ ಗುರುತು. ಕಡ್ಡಿಯನ್ನು ಅಲ್ಲೇ ಬಿಟ್ಟು, ಎಡಗೈಯಿಂದ ವೈರನ್ನು ಈಗ ಮೆಲ್ಲಗೆ ಹಿಂದಕ್ಕೆ ಎಳೆಯಿರಿ. ಪ್ಲಾಸ್ಟಿಕ್ ಬೆರಳಿನ ಬಗೆಯಾದರೆ ಕಡ್ಡಿಯ ತುದಿ ಬೆರಳಿಗೂ ಪಿನ್ನಿಗೂ ನಡುವೆ ಹೋಗಬೇಕು. ಹೋದ ಮೇಲೆ ಕಡ್ಡಿಯ ಹಿಡಿಯನ್ನು ಒಂದಿಷ್ಟೇ ಓರೆ ಮಾಡಿ ಬೆರಳನ್ನು ಎತ್ತಿ. ಅರ್ಧ ಮಿ.ಮೀ. ಎದ್ದರೆ ಸಾಕು. ಇನ್ನೂ ಸ್ವಲ್ಪ ಎತ್ತೋಣ ಅಂದರೆ ಬುಡದಲ್ಲಿ ಬಿಳಿ ಗೆರೆ ಮೂಡುತ್ತದೆ. ಬಿಳಿ ಗೆರೆ ಕಂಡರೆ ಅಲ್ಲಿಗೇ ನಿಲ್ಲಿಸಿ.

ವೈರನ್ನು ಎಳೆಯಲು ಬೆರಳೇ ಸಾಕು. ಪ್ಲೈಯರ್ ಹಿಡಿದರೆ ಎಷ್ಟು ಜೋರು ಹಾಕುತ್ತಿದ್ದೀರಿ ಅಂತ ಕೈಗೆ ತಿಳಿಯುವುದಿಲ್ಲ. ಬೆರಳಿಗೆ ಬಾರದ ಪಿನ್ ಇನ್ನೂ ಲಾಕಿನಲ್ಲಿದೆ ಅಂತಲೇ ಅರ್ಥ.

ಮೊದಲ ಪ್ರಯೋಗ ಬೇಡವಾದ ಗೂಡಿನ ಮೇಲೆ ಮಾಡಿ. ಸುಟ್ಟ ಗೂಡೋ, ನೀವು ಬಳಸದೇ ಇರುವ ಮೂಲೆಯದ್ದೋ. ಒಂದು ಪಿನ್ ಹೊರಗೆ ಬಂದರೆ ಅದನ್ನು ತಿರುಗಿಸಿ ನೋಡಿ, ನಾಲಿಗೆ ಎಲ್ಲಿದೆ, ಎಷ್ಟು ಆಳದಲ್ಲಿದೆ ಎಲ್ಲ ಕಣ್ಣಿಗೇ ಕಾಣುತ್ತದೆ. ಆ ಆಳಕ್ಕೆ ಸರಿಯಾಗಿ ಕಡ್ಡಿಯ ಮೇಲೆ ಟೇಪಿನಿಂದ ಗುರುತು ಮಾಡಿಕೊಳ್ಳಿ. ಉಳಿದವು ಸರಸರ ಬರುತ್ತವೆ.

ಬರದೇ ಇದ್ದರೆ

ಮತ್ತೆ ಪಟ್ಟಿ ನೋಡಿ. ಹತ್ತರಲ್ಲಿ ಏಳೆಂಟು ಸಲ ಆ ಬಣ್ಣದ ಪಟ್ಟಿ ಒಂದು ತುದಿಯಲ್ಲಿ ಪೂರ್ತಿ ತೆರೆದಿರುವುದಿಲ್ಲ. ಅದು ಸರಿ ಇದ್ದರೆ ವೈರ್ ತಿರುಚಿಕೊಂಡಿದೆಯೇ ನೋಡಿ. ಗಾಡಿಯಲ್ಲಿ ಕಟ್ಟು ಬಿಗಿದಿದ್ದ ವೈರ್ ಪಿನ್ನನ್ನು ಒಂದು ಪಕ್ಕಕ್ಕೆ ಒತ್ತಿಟ್ಟಿರುತ್ತದೆ. ವೈರನ್ನು ನೇರ ಮಾಡಿ ಮತ್ತೆ ಒಳಗೆ ತಳ್ಳಿ. ಹಸಿರು ಕಿಲುಬು ಕಂಡರೆ ಆ ಗೂಡಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಕಾಲು ಗಂಟೆ ಬಿಟ್ಟು, ವೈರನ್ನು ಒಳಗೆ ಹೊರಗೆ ಸಣ್ಣಗೆ ಆಡಿಸಿ.

ಇಷ್ಟಾದರೂ ಅಲ್ಲಾಡದ ಪಿನ್ ಇದ್ದರೆ ಅದನ್ನು ಬಿಟ್ಟುಬಿಡಿ. ಬಾಲವನ್ನು ಉಳಿಸಿಕೊಂಡು ಅದಕ್ಕೇ ಹೊಸ ವೈರ್ ಜೋಡಿಸಿದರಾಯಿತು. ದಪ್ಪ ವೈರಿನ, 60, 80 ಆಂಪ್‌ನ ದೊಡ್ಡ ಫ್ಯೂಸುಗಳು ಬಹುಪಾಲು ಬೋಲ್ಟ್ ಹಾಕಿ ಕೂರಿಸಿದಂಥವು. ಅಲ್ಲಿ ಕಡ್ಡಿಯ ಆಟ ನಡೆಯುವುದಿಲ್ಲ, ಪಾನಾ ಸಾಕು.

ಕೈಗೆ ಬಂದ ಪಿನ್

ಸಾಮಾನ್ಯ ಬ್ಲೇಡ್ ಫ್ಯೂಸ್ ಸುಮಾರು 19 ಮಿ.ಮೀ. ಅಗಲ. ಅದಕ್ಕೆ ಹೆಚ್ಚಾಗಿ 6.3 ಮಿ.ಮೀ. ಪಿನ್. ಮಿನಿ ಫ್ಯೂಸ್ 11 ಮಿ.ಮೀ. ಅಗಲ, ಅದಕ್ಕೆ 2.8 ಮಿ.ಮೀ. ಪಿನ್. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಿ. ಪಿನ್ನಿನ ಬಾಯಿ ನೇರಳೆ, ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ಕಾವು ತಿಂದು ಸ್ಪ್ರಿಂಗ್ ಗುಣ ಕಳೆದುಕೊಂಡಿದೆ, ಬಿಸಾಡಿ. ಚೆನ್ನಾಗಿ ಕಾಣುವವನ್ನೂ ಹಿಡಿತ ನೋಡದೆ ಬಳಸಬೇಡಿ. ಒಂದು ಫ್ಯೂಸಿನ ಒಂದೇ ಕಾಲನ್ನು ಪಿನ್ನಿಗೆ ತೂರಿಸಿ ತಲೆಕೆಳಗಾಗಿ ಹಿಡಿದು ಅಲ್ಲಾಡಿಸಿ. ಫ್ಯೂಸ್ ಜಾರಿ ಬಿದ್ದರೆ ಆ ಪಿನ್ ಸಡಿಲ. ಸಡಿಲ ಪಿನ್ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಇನ್ನೂ ಸಡಿಲವಾಗುತ್ತದೆ, ಕೊನೆಗೆ ಪ್ಲಾಸ್ಟಿಕ್ ಕರಗುತ್ತದೆ. ಫ್ಯೂಸ್ ಮಾತ್ರ ಹಾರುವುದಿಲ್ಲ, ಯಾಕೆಂದರೆ ಕರೆಂಟ್ ಜಾಸ್ತಿ ಹೋಗುತ್ತಿಲ್ಲ. ನೋಸ್ ಪ್ಲೈಯರ್‌ನಲ್ಲಿ ಬಾಯಿ ಸ್ವಲ್ಪ ಬಿಗಿ ಮಾಡಿ ಮತ್ತೆ ನೋಡಬಹುದು. ಎರಡನೇ ಸಲವೂ ಜಾರಿದರೆ ಅದನ್ನು ಬಿಡಿ.

ಕಿಲುಬು ತೆಗೆಯಲು ಸ್ಯಾಂಡ್‌ಪೇಪರ್ ಬೇಡ. ಮೇಲಿನ ತವರದ ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಹಸಿರಾಗುತ್ತದೆ. ಹುಣಸೆ ರಸದಲ್ಲಿ ಸ್ವಲ್ಪ ಹೊತ್ತು ಇಟ್ಟು ಬ್ರಷ್ಷಿನಿಂದ ತಿಕ್ಕಿ, ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಅದ್ದಿ, ಆಮೇಲೆ ಒಳ್ಳೆ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಪಾತ್ರೆ ತಿಕ್ಕುವಂತೆ ಉಪ್ಪು ಸೇರಿಸಬೇಡಿ, ಉಪ್ಪಿನ ಅಂಶ ಉಳಿದರೆ ಲೋಹವನ್ನು ತಿನ್ನುತ್ತದೆ.

ಲೋಹದ ನಾಲಿಗೆಯ ಪಿನ್ನಾದರೆ ಮಡಚಿಕೊಂಡ ನಾಲಿಗೆಯನ್ನು ಬ್ಲೇಡಿನ ತುದಿಯಿಂದ ಮೊದಲಿದ್ದಷ್ಟೇ ಎಬ್ಬಿಸಿ. ಎರಡು ಮೂರು ಸಲ ಮಡಚಿ ಎಬ್ಬಿಸುವ ಹೊತ್ತಿಗೆ ಅದು ಬುಡದಲ್ಲಿ ಮುರಿಯುತ್ತದೆ, ಹಾಗಾಗಿ ಸುಮ್ನೆ ತೆಗೆದು ಹಾಕುತ್ತ ಆಟವಾಡಬೇಡಿ.

ಬಾಲಕ್ಕೆ ಹೊಸ ವೈರ್ ಜೋಡಿಸುವಾಗ ಬೆಸುಗೆ ಪಿನ್ನಿನ ಬುಡದಲ್ಲಿ ಬೇಡ. ಕರಗಿದ ಸೀಸ ಎಳೆಗಳ ನಡುವೆ ಏರಿ ವೈರನ್ನು ಕಡ್ಡಿಯಂತೆ ಗಟ್ಟಿ ಮಾಡುತ್ತದೆ, ನಡುಕಕ್ಕೆ ಅಲ್ಲೇ ತುಂಡಾಗುತ್ತದೆ. ಮೂರ್ನಾಲ್ಕು ಇಂಚು ದೂರದಲ್ಲಿ ಜೋಡಿಸಿ, ಮೇಲೆ ಹೀಟ್‌ಶ್ರಿಂಕ್ ಕೊಳವೆ (ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವಂಥದ್ದು) ಹಾಕಿ. ಎಲ್ಲ ಜೋಡಣೆಗಳೂ ಒಂದೇ ಜಾಗದಲ್ಲಿ ಬಂದರೆ ಕಟ್ಟು ಗಂಟಾಗುತ್ತದೆ, ಒಂದೊಂದನ್ನು ಒಂದಿಂಚು ಹಿಂದೆ ಮುಂದೆ ಮಾಡಿ.

ಮತ್ತೆ ಕೂರಿಸುವುದು

ಪಿನ್ ಯಾವ ಮುಖದಲ್ಲಿ ಬಂದಿತ್ತೋ ಅದೇ ಮುಖದಲ್ಲಿ ಹೋಗಬೇಕು. ಹಿಂದಿನಿಂದ ತಳ್ಳಿದಾಗ ಟಕ್ ಅನ್ನುವ ಸದ್ದು ಬರಬೇಕು. ಆಮೇಲೆ ಒಮ್ಮೆ ಎಳೆದು ನೋಡಿ. ಎಲ್ಲ ಕೂತ ಮೇಲೆ ಬಣ್ಣದ ಪಟ್ಟಿಯನ್ನು ಒತ್ತಿ. ಪಟ್ಟಿ ಕೂರದೇ ಇದ್ದರೆ ಯಾವುದೋ ಒಂದು ಪಿನ್ ಪೂರ್ತಿ ಒಳಗೆ ಹೋಗಿಲ್ಲ. ಪಟ್ಟಿಯನ್ನು ಗುದ್ದಿ ಕೂರಿಸುವ ಬದಲು ಆ ಪಿನ್ ಹುಡುಕಿ.

ಫ್ಯೂಸಿನ ಆಂಪ್ ನಿರ್ಧಾರವಾಗಬೇಕಾದ್ದು ವೈರಿನ ದಪ್ಪದ ಮೇಲೆ. ಫ್ಯೂಸ್ ಕಾಯುವುದು ವೈರನ್ನು, ಬಲ್ಬನ್ನಲ್ಲ. 1 ಚದರ ಮಿ.ಮೀ. ವೈರಿಗೆ 10 ಆಂಪ್, 1.5ಕ್ಕೆ 15, 2.5ಕ್ಕೆ 20, 4ಕ್ಕೆ 30 ಅಂತ ಇಟ್ಟುಕೊಂಡರೆ ಭಯವಿಲ್ಲ. ಸತತವಾಗಿ ಉರಿಯುವ ಲೋಡು ಫ್ಯೂಸಿನ ಮುಕ್ಕಾಲು ಭಾಗ ದಾಟಬಾರದು. ಟ್ರ್ಯಾಕ್ಟರಿನ ಎರಡು 60 ವ್ಯಾಟಿನ ಹೆಡ್‌ಲೈಟ್ ತೆಗೆದುಕೊಳ್ಳಿ. 12 ವೋಲ್ಟಿನಲ್ಲಿ ಒಂದಕ್ಕೆ 5 ಆಂಪ್, ಎರಡಕ್ಕೆ 10. ಅದಕ್ಕೆ ನೀಲಿ ಬಣ್ಣದ 15 ಆಂಪ್ ಫ್ಯೂಸ್, 1.5ರ ವೈರ್. ಕೆಂಪು 10 ಆಂಪ್, ಹಳದಿ 20, ಹಸಿರು 30. ಈ ಬಣ್ಣಗಳು ಸಾಮಾನ್ಯ, ಮಿನಿ ಎರಡೂ ಫ್ಯೂಸುಗಳಿಗೆ ಒಂದೇ. ರಿಲೇ ಗೂಡು ಬಳಸುವುದಾದರೆ ರಿಲೇಯ 85, 86 ನಂಬರಿನ ಕಾಲುಗಳು ಕಾಯಿಲ್ಲಿನ ಎರಡು ತುದಿ, 30ಕ್ಕೆ ಫ್ಯೂಸ್ ಮೂಲಕ ಬ್ಯಾಟರಿ, 87ರಿಂದ ಲೈಟಿಗೆ.

ಬ್ಯಾಟರಿಯಿಂದ ಬಾಕ್ಸಿಗೆ ಬರುವ ದಪ್ಪ ವೈರಿಗೂ ಬ್ಯಾಟರಿಯ ಹತ್ತಿರವೇ ಒಂದು ದೊಡ್ಡ ಫ್ಯೂಸ್ ಹಾಕಿ. ಸಾಮಾನ್ಯ ಬ್ಲೇಡ್ ಫ್ಯೂಸುಗಳು 32 ವೋಲ್ಟಿನವರೆಗೆ ಮಾತ್ರ. ಕಾರು, ಟ್ರ್ಯಾಕ್ಟರಿನ 12 ವೋಲ್ಟಿಗೆ, ಲಾರಿಯ 24 ವೋಲ್ಟಿಗೆ ಸರಿ. 48 ವೋಲ್ಟಿನ ಇ-ರಿಕ್ಷಾಕ್ಕೋ ಸೋಲಾರ್ ಬ್ಯಾಟರಿಗೋ ಈ ಬಾಕ್ಸ್ ಹಾಕಬೇಡಿ. ಫ್ಯೂಸ್ ಕರಗಿದರೂ ಒಳಗೆ ಕಿಡಿ ನಿಲ್ಲದೆ ಉರಿಯುತ್ತ ಹೋಗಬಹುದು.

ಬಾಕ್ಸನ್ನು ಮುಚ್ಚಳ ಮೇಲೆ, ವೈರ್ ಕೆಳಗೆ ಬರುವಂತೆ ಕೂರಿಸಿ. ವೈರುಗಳು ಬಾಕ್ಸಿನಿಂದ ಇಳಿದು, ಒಂದು ಬಾಗು ತೆಗೆದುಕೊಂಡು ಆಮೇಲೆ ಮೇಲೆ ಹೋಗಲಿ. ಕೆಸರು ಗದ್ದೆಯಿಂದ ಬಂದ ಟ್ರ್ಯಾಕ್ಟರಿಗೆ ಪಂಪಿನ ನೀರು ಹೊಡೆದಾಗ ನೀರು ಆ ಬಾಗಿನಿಂದ ತೊಟ್ಟಿಕ್ಕಿ ಹೋಗುತ್ತದೆ. ಖಾಲಿ ಉಳಿದ ಗೂಡುಗಳ ಬೆನ್ನಿಗೆ ಸ್ವಲ್ಪ ಸಿಲಿಕೋನ್ ಹಚ್ಚಿ ಮುಚ್ಚಿ. ಮುರಿದ ಬಾಕ್ಸ್ ಮನೆಯಲ್ಲಿದ್ದರೆ ಅದನ್ನೂ ಎಸೆಯಬೇಡಿ, ಅದೇ ಅಳತೆಯ ಪಿನ್ನು, ಪಟ್ಟಿ ಮುಂದೆ ಅದರಿಂದಲೇ ಸಿಗುತ್ತವೆ.